ಇಪ್ಪತ್ತೆಂಟು ಸುತ್ತು

ತಲೆಯ ಮೇಲೆ ಕಬ್ಬಿಣದ ಮುಚ್ಚಳ ದಢಾರನೆ ಬಿತ್ತು. ಹಿಂದೆಯೇ ಚಿಲಕ ಎಳೆದ ಸದ್ದು ಕೇಳಿಸಿತು.

ನಾನು ಆಗ ಏಣಿಯ ಅರ್ಧದಲ್ಲಿದ್ದೆ. ಇಪ್ಪತ್ತಡಿ ಆಳದ ಕಾಂಕ್ರೀಟ್ ಕೋಣೆ. ಅದರ ತಳದಲ್ಲಿ ಟಾರ್ಚ್ ಹಿಡಿದು ನಿಂತಿದ್ದವರು ನನ್ನ ಭಾವ, ಅಂದರೆ ಅಕ್ಕನ ಗಂಡ.

"ಯಾರದು ಮೇಲೆ?" ಎಂದು ಕೂಗಿದೆ.

ದಡದಡ ಹತ್ತಿ ಮುಚ್ಚಳಕ್ಕೆ ಹೆಗಲು ಕೊಟ್ಟೆ. ಕದಲಲಿಲ್ಲ. ಇನ್ನೊಮ್ಮೆ ಕೊಟ್ಟೆ... ಹೆಗಲೇ ಕಳಚಿ ಬಂದಂತಾಯಿತು.

"ಸುಮ್ನೆ ಒತ್ತಬೇಡ," ಭಾವ ಕೆಳಗಿನಿಂದ ಹೇಳಿದರು. "ಅದು ತೊಂಬತ್ತು ಕೆಜಿ ಇದೆ. ತೆಗೆಯೋಕೆ ಇಬ್ರು ಬೇಕು, ಮುಚ್ಚೋಕೆ ಒಂದು ಕಾಲು ಸಾಕು. ಹೊರಗಿಂದ ಚಿಲಕ ಹಾಕಿದ್ರೆ ಒಳಗಿಂದ ಬರಲ್ಲ."

"ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀರಿ?"

"ಚಿಲಕ ಹಾಕಿಸಿದ್ದೇ ನಾನು."

ಇವರು ಹೀಗೆಯೇ ನೋಡಿ. ಸಾಯುವ ಹೊತ್ತಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಆ ಗುಣಕ್ಕಾಗಿಯೇ ನಾನು ಅವರೊಡನೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ.

ಅದನ್ನೂ ಹೇಳಿಬಿಡುತ್ತೇನೆ. ಆಗ ನಾನು ಸಬ್ ಇನ್ಸ್‌ಪೆಕ್ಟರ್. ಊರಿಗೆಲ್ಲ ಗೊತ್ತಿದ್ದ ಒಬ್ಬ ಕಳ್ಳನ ಮನೆ ಪೂರ್ತಿ ಜಾಲಾಡಿದರೂ ಚಾಕು ಸಿಗಲಿಲ್ಲ. ಸಿಗುವ ಹಾಗೆ ನಾನೇ ಮಾಡಿದೆ. ಸಾಕ್ಷಿ ಸಹಿಗೆ ಮರ್ಯಾದಸ್ಥ ಮನುಷ್ಯ ಬೇಕಿತ್ತು, ಭಾವನನ್ನು ಕರೆದೆ. ಆರು ತಿಂಗಳಿಗೆ ಇಲಾಖೆಯ ವಿಚಾರಣೆ ಬಂತು. "ಚಾಕು ಎಲ್ಲಿಂದ ಬಂತು?" ಎಂದು ಕೇಳಿದರು. "ಇವನ ಪ್ಯಾಂಟಿನ ಜೇಬಿಂದ. ನಾನು ನೋಡಿದೆ," ಎಂದರು ಭಾವ. ಅಲ್ಲಿಗೆ ನನ್ನ ಟೋಪಿ, ಬೆಲ್ಟು ಎರಡೂ ಹೋದವು.

ಈಗ ಜನರು ಕಳೆದುಕೊಂಡದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಗಂಡ, ಹೆಂಡತಿ, ಕಾರು, ಕಾಗದಪತ್ರ. ಮೆಟ್ಟಿಲಡಿ ಒಂದು ರೂಮು, ಒಂದು ಮೇಜು, ಎರಡು ಕುರ್ಚಿ. ಆವತ್ತು ಬೆಳಿಗ್ಗೆ ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ನಿಮ್ಮ ಭಾವನ್ನ ಇವತ್ತು ಸಾಯಂಕಾಲ ಒಳಗೆ ಹಾಕ್ತಾರೆ ಕಣೋ."

"ಅವರ ಸುದ್ದಿ ನನ್ನ ಹತ್ರ ಎತ್ತಬೇಡ ಅಂದಿದ್ದೆ."

"ಎತ್ತುತ್ತಿಲ್ಲ. ಎದ್ದು ಅಂಗಿ ಹಾಕ್ಕೋ ಅಂತಿದ್ದೀನಿ."

ಅಂಗಿ ಹಾಕಿಕೊಂಡೆ. ಅಕ್ಕನ ಮುಂದೆ ನಾನು ಇನ್ನೂ ಚಡ್ಡಿ ಹಾಕುವ ವಯಸ್ಸಿನವನೇ.

ವಿಷಯ ಇಷ್ಟು. ಊರಿನ ನಡುವೆ ಒಂದು ಕೆರೆ. ಹತ್ತು ವರ್ಷ ಒಣಗಿ ಕಸದ ಗುಂಡಿಯಾಗಿತ್ತು. ಮಳೆ ಬಂದರೆ ಬೀದಿ ನೀರೆಲ್ಲ ದೊಡ್ಡ ಮೋರಿಗೆ ಬಿದ್ದು ಎಲ್ಲಿಗೋ ಹರಿದು ಹೋಗುತ್ತಿತ್ತು. ಆಮೇಲೆ ಯಾರಿಗೋ ಬುದ್ಧಿ ಬಂದು ಮೋರಿಯ ಬಾಯಿಗೆ ಒಂದು ಪ್ಲಾಂಟ್ ಕಟ್ಟಿದರು. ಮಳೆನೀರು ಮೊದಲು ಈ ಕೋಣೆಗೆ ಬೀಳುತ್ತದೆ. ಮೊದಲ ಅರ್ಧ ಗಂಟೆಯ ನೀರು ಬರೀ ಹೊಲಸು. ರಸ್ತೆಯ ಎಣ್ಣೆ, ಟೈರಿನ ಪುಡಿ, ಗ್ಯಾರೇಜಿನ ಮಡ್ಡಿ. ಅದನ್ನು ಒಳಚರಂಡಿಗೆ ಬಿಡಬೇಕು. ಆಮೇಲಿನ ನೀರನ್ನು ಪಂಪ್ ಮೇಲಕ್ಕೆತ್ತುತ್ತದೆ. ಅದು ತೊಟ್ಟಿಯಲ್ಲಿ ಕೆಸರು ಕೂರಿಸಿ, ಮರಳಲ್ಲಿ ಸೋಸಿ, ಜೊಂಡಿನ ಪಾತಿಯಲ್ಲಿ ಹಾಯ್ದು ಕೆರೆ ಸೇರುತ್ತದೆ. ಐದು ವರ್ಷಕ್ಕೆ ಕೆರೆ ತುಂಬಿತು. ಮೀನು ಬಂತು, ಹಕ್ಕಿ ಬಂತು, ಬೆಳಿಗ್ಗೆ ವಾಕ್ ಮಾಡುವ ಮುದುಕರೂ ಬಂದರು.

ಆ ಪ್ಲಾಂಟಿನ ಆಪರೇಟರ್ ನನ್ನ ಭಾವ. ಅಲ್ಲಿ ಎಲ್ಲರೂ ಅವರನ್ನು 'ರಿಜಿಸ್ಟರ್' ಎಂದೇ ಕರೆಯುತ್ತಾರೆ. ಸೊಳ್ಳೆ ಕಚ್ಚಿದರೂ ಟೈಮ್ ಹಾಕಿ ಬರೆದಿಡುವ ಜಾತಿ.

ಹದಿನೆಂಟು ದಿನದ ಹಿಂದೆ ವರ್ಷದ ಮೊದಲ ಮಳೆ ಬಂತು. ಆ ಹೊಲಸೆಲ್ಲ ನೆಟ್ಟಗೆ ಕೆರೆಗೆ ಹೋಯಿತು. ಮಾರನೆಯ ದಿನ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಕೋಣೆಯಿಂದ ಕೆರೆಗೆ ಒಂದು ನೇರ ಪೈಪ್ ಇದೆ, ಅದಕ್ಕೊಂದು ಗೇಟ್ ಇದೆ. ಮೋರಿ ಉಕ್ಕಿ ಮನೆಗಳಿಗೆ ನುಗ್ಗುವಂಥ ಕಾಲಕ್ಕೆ ಮಾತ್ರ ಅದನ್ನು ತೆಗೆಯಬೇಕು. ಮಿಕ್ಕ ದಿನ ಮುಚ್ಚಿರಬೇಕು. ಆವತ್ತು ಅದು ತೆರೆದಿತ್ತು. ಪ್ಲಾಂಟಿನ ಮ್ಯಾನೇಜರ್ ಕೆರೆ ಕಮಿಟಿಯ ಮುಂದೆ ರಿಜಿಸ್ಟರ್ ಇಟ್ಟ. ಎರಡೂಕಾಲಿಗೆ ಭಾವ ಗೇಟ್ ತೆಗೆದು ಮರೆತರು ಎಂದು ಅದರಲ್ಲಿತ್ತು. ಸಹಿ ಭಾವನದೇ, ಅಥವಾ ಅದರಂಥದ್ದು.

ಕಮಿಟಿ ಆವತ್ತು ಮೂರು ಗಂಟೆಗೆ ಕೆರೆ ನೋಡಲು ಬರುವುದಿತ್ತು. ನೋಡಿ ಸಹಿ ಹಾಕಿದರೆ ಸಂಜೆ ಐದಕ್ಕೆ ಪೊಲೀಸ್ ಜೀಪು.

"ರಿಜಿಸ್ಟರ್ ಹೊಸದು," ಎಂದಿದ್ದರು ಭಾವ. "ನಾನು ಬರೆದಿದ್ದು ಅದಲ್ಲ. ಆದ್ರೆ ಗೋಡೆ ಮೇಲೆ ಇದೆ."

"ಯಾವ ಗೋಡೆ?"

ಅದನ್ನು ನೋಡಲೆಂದೇ ಹಿಂದಿನ ಕಾಂಪೌಂಡ್ ಹಾರಿ, ಗಾರ್ಡ್ ಊಟಕ್ಕೆ ಹೋದ ಸಮಯ ನೋಡಿ, ಇಬ್ಬರೂ ಸೇರಿ ಮುಚ್ಚಳ ಎತ್ತಿ ಈ ಬಾವಿಗೆ ಇಳಿದಿದ್ದು. ಇಳಿಯುವ ಮೊದಲು ನನ್ನ ಫೋನನ್ನು ಮೇಲಿನ ಟ್ರೇಯಲ್ಲಿ ಇಡಿಸಿದರು. ಒಳಗೆ ಗ್ಯಾಸ್ ಇರಬಹುದು, ಕಿಡಿ ಹತ್ತಬಹುದು, ರೂಲ್ ಅಂದರೆ ರೂಲ್! "ಫೋಟೋ ಹೇಗೆ ತೆಗೆಯೋದು ಭಾವ?" ಎಂದರೆ, "ಕಮಿಟಿಯೋರನ್ನೇ ಕರ್ಕೊಂಡು ಬರೋಣ," ಎಂದರು. ಮೈಯೆಲ್ಲ ಉರಿದಿತ್ತು ನನಗೆ.

ಈಗ ಫೋನ್ ಮೇಲೆ. ನಾವು ಕೆಳಗೆ. ಗಂಟೆ ಎರಡು ದಾಟಿ ಐದು ನಿಮಿಷ.

ಏಣಿ ಇಳಿದೆ. ಮುಚ್ಚಳದ ಗಾಳಿ ಕಿಂಡಿಗಳಿಂದ ನಾಲ್ಕು ಬೆಳಕಿನ ಚುಕ್ಕೆಗಳು ಬೀಳುತ್ತಿದ್ದವು, ಅಷ್ಟೇ. ಭಾವ ಟಾರ್ಚನ್ನು ಗೋಡೆಗೆ ಹಿಡಿದರು.

ಗೋಡೆ ತುಂಬ ಸೀಮೆಸುಣ್ಣದ ಗೆರೆಗಳು. ಒಂದೊಂದರ ಪಕ್ಕ ತಾರೀಕು, ಟೈಮು, ಎರಡು ಸಹಿ.

"ಮೇಲೆ ಗೇಟ್ ತಿರುಗಿಸೋ ಚಕ್ರದ ಹತ್ರ ನಿಂತ್ರೆ ಅದು ತೆರೆದಿದೆಯೋ ಮುಚ್ಚಿದೆಯೋ ಕಾಣಲ್ಲ," ಎಂದರು ಭಾವ. "ಅದಕ್ಕೆ ಶಿಫ್ಟ್ ಬದಲಾಗುವಾಗ ಇಬ್ರೂ ಇಳಿದು ಕಣ್ಣಾರೆ ನೋಡ್ತೀವಿ. ಕಾಗದ ಒದ್ದೆ ಆಗುತ್ತೆ ಅಂತ ಗೋಡೆಗೇ ಬರೀತೀವಿ. ಪಂಪು, ಒಳಚರಂಡಿ ಇರೋದ್ರಿಂದ ಮಳೆಗಾಲದಲ್ಲೂ ನೀರು ಮೊಣಕಾಲು ದಾಟಲ್ಲ, ಅಳಿಸಲ್ಲ. ಆಪರೇಟರ್‌ಗಳಿಗೆ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ. ಇಲ್ಲಿ ಓದು."

ಓದಿದೆ. ಮಳೆ ಬಂದ ದಿನದ ತಾರೀಕು. 'ಎರಡು ಹತ್ತು. ನೇರ ಗೇಟ್ ಮುಚ್ಚಿದೆ.' ಎರಡು ಸಹಿ. ಅದರ ಕೆಳಗೆ, 'ಮೂರು ನಲವತ್ತು. ಇಪ್ಪತ್ತೆಂಟು ಸುತ್ತು ತೆರೆದಿತ್ತು. ಮುಚ್ಚಿದೆ.' ಒಂದೇ ಸಹಿ, ಭಾವನದು.

"ಈ ಎರಡರ ಮಧ್ಯೆ ನೀವೆಲ್ಲಿದ್ರಿ?"

"ಜೊಂಡಿನ ಪಾತಿಯಲ್ಲಿ ಕಳೆ ಕೀಳ್ತಿದ್ದೆ. ಮ್ಯಾನೇಜರ್ ಸಾರ್ ಕಳಿಸಿದ್ರು."

"ಮೇಲೆ ಯಾರಿದ್ರು?"

"ಅವರೊಬ್ಬರೇ."

"ಅಯ್ಯೋ ದೇವರೇ... ಇದನ್ನ ಕಮಿಟಿಗೆ ಹೇಳೋಕೇನಾಗಿತ್ತು?"

"ಅವರು ಚಕ್ರ ಮುಟ್ಟಿದ್ದನ್ನ ನಾನು ನೋಡಿಲ್ಲ. ನೋಡದ್ದನ್ನ ಹೇಗೆ ಹೇಳಲಿ?"

ಅವರ ಕುತ್ತಿಗೆ ಹಿಸುಕಬೇಕೆನ್ನಿಸಿತು. ನಿಜ ಹೇಳುತ್ತೇನೆ, ಅದೇ ಕ್ಷಣ ಅವರ ಮೇಲೆ ಒಂಬತ್ತು ವರ್ಷದಲ್ಲಿ ಬಾರದ ಪ್ರೀತಿಯೂ ಬಂತು. ತನ್ನ ತಲೆ ಹೋಗುವಾಗಲೂ ಅಳತೆ ತಪ್ಪದ ಮನುಷ್ಯ.

ಮೇಲೆ ಬೂಟಿನ ಸದ್ದಾಯಿತು. ಒಂದು ಬೆಳಕಿನ ಚುಕ್ಕೆ ಮುಚ್ಚಿಹೋಯಿತು. ಯಾರೋ ಕಿಂಡಿಗೆ ಬಾಯಿಟ್ಟಿದ್ದರು.

"ಏನ್ರೀ ರಿಜಿಸ್ಟರ್, ಸಸ್ಪೆಂಡ್ ಆದೋರು ಡ್ಯೂಟಿಗೆ ಬರಬಾರದು ಅನ್ನೋ ರೂಲ್ ಗೊತ್ತಿಲ್ವಾ?"

"ಗೊತ್ತು ಸಾರ್. ತಪ್ಪಾಯ್ತು," ಎಂದರು ಭಾವ. ನಿಜವಾಗಿಯೂ ನಾಚಿಕೆಯಿಂದ ಎಂದರು.

"ಮ್ಯಾನೇಜರೇ, ಮುಚ್ಚಳ ತೆಗೀರಿ," ಎಂದೆ ನಾನು.

"ಓ, ಚಾಕು ಇನ್ಸ್‌ಪೆಕ್ಟರೂ ಇದ್ದಾರಾ? ತೆಗೀತೀನಿ, ತೆಗೀತೀನಿ. ಕಮಿಟಿ ಬಂದು ಹೋಗಲಿ. ನಾಲ್ಕು ಗಂಟೆಗೆ ತೆಗೀತೀನಿ."

"ಗೋಡೆ ವಿಷಯ ಕೇಳಿಸಿಕೊಂಡ್ರಾ?"

"ಕಿಂಡಿ ಪಕ್ಕದಲ್ಲೇ ಇದ್ದೆ. ಎಲ್ಲಾ ಕೇಳಿಸ್ತು."

ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಗುಡುಗಿತು. ಮಧ್ಯಾಹ್ನ ಎರಡೂಕಾಲಿಗೆ ನಾಲ್ಕು ಬೆಳಕಿನ ಚುಕ್ಕೆಗಳೂ ಮಂಕಾದವು. ಮುಚ್ಚಳದ ಮೇಲೆ ಹನಿ ಬಿದ್ದ ಸದ್ದು, ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ.

ಭಾವ ತಲೆ ಎತ್ತಿದರು. ಅವರ ಮುಖದಲ್ಲಿ ಮೊದಲ ಬಾರಿ ಭಯ ಕಂಡಿತು.

"ಸಾರ್, ಮಳೆ! ಇನ್ನು ಹತ್ತು ನಿಮಿಷಕ್ಕೆ ಮೋರಿ ನೀರು ಬರುತ್ತೆ. ಮುಚ್ಚಳ ತೆಗೀರಿ ಸಾರ್."

"ಒಳಚರಂಡಿ ಗೇಟ್ ತೆರೆದೇ ಇದೆಯಲ್ರೀ. ಬಂದಿದ್ದು ಹೋಗುತ್ತೆ. ಕಾಲು ಒದ್ದೆಯಾಗುತ್ತೆ, ಅಷ್ಟೇ."

ಬೂಟಿನ ಸದ್ದು ದೂರ ಹೋಯಿತು.

ನೀರು ಹತ್ತು ನಿಮಿಷವನ್ನೂ ಕಾಯಲಿಲ್ಲ. ಗೋಡೆಯಲ್ಲಿ ಎದೆಮಟ್ಟಕ್ಕೆ ಮೋರಿಯ ಬಾಯಿ, ಅದಕ್ಕೆ ದಪ್ಪ ಸರಳು. ಮೊದಲು ಪ್ಲಾಸ್ಟಿಕ್ ಬಾಟಲಿ, ಎಲೆ, ಚಪ್ಪಲಿ ಬಂದು ಸರಳಿಗೆ ಬಡಿದವು. ಹಿಂದೆಯೇ ನೀರು. ಕಪ್ಪು, ಎಣ್ಣೆ ನಾತ. ನೆಲದ ಮಟ್ಟದ ಒಳಚರಂಡಿ ಗೇಟಿನಿಂದ ಅದು ಗುಳುಗುಳು ಎಂದು ಹೊರಟುಹೋಗುತ್ತಿತ್ತು. ಪಾದ ಮುಳುಗಿತು, ಅಲ್ಲಿಗೆ ನಿಂತಿತು. ನಾನು ಉಸಿರು ಬಿಟ್ಟೆ.

ಆಗ ಮೇಲಿನಿಂದ ಕಿರ್... ಕಿರ್... ಎಂಬ ಸದ್ದು ಬಂತು. ಕಬ್ಬಿಣದ ಚಕ್ರ ತಿರುಗುವ ಸದ್ದು.

"ಅದೇನು ಭಾವ?"

ಭಾವ ಟಾರ್ಚನ್ನು ಒಳಚರಂಡಿ ಗೇಟಿಗೆ ಹಿಡಿದರು. ಗೇಟಿನ ಹಲಗೆ ಇಂಚಿಂಚಾಗಿ ಕೆಳಗಿಳಿಯುತ್ತಿತ್ತು. ನೀರು ಹೋಗುವ ದಾರಿ ಗೇಣಿನಷ್ಟಾಯಿತು, ಬೆರಳಿನಷ್ಟಾಯಿತು. ಆಮೇಲೆ ಇಲ್ಲವೇ ಇಲ್ಲ.

"ಮುಚ್ಚಿದ," ಎಂದರು ಭಾವ. ಸಾರ್ ಹೋಗಿ ಏಕವಚನ ಬಂದಿತ್ತು.

ಕಿಂಡಿಗೆ ಮತ್ತೆ ಬಾಯಿ ಬಂತು. "ಇದು ಗೋಡೆ ತೊಳೆಯೋಕೆ. ನಿಮಗೆ ಏನೂ ಆಗಲ್ಲ. ಏಣಿ ಹತ್ತಿ ಮೇಲೆ ಕೂತ್ಕೊಳ್ಳಿ."

"ಮೇಲಿನ ತನಕ ತುಂಬಿದ್ರೆ?"

"ಅಷ್ಟು ಮಳೆ ಬಂದ್ರೆ ಅದು ನನ್ನ ತಪ್ಪಾ? ಇಲ್ಲಿ ಯಾರೂ ಇರಬಾರದಾಗಿತ್ತು. ಯಾರಿದ್ರೋ ನಾನು ನೋಡೇ ಇಲ್ಲ."

ಅವನ ಧ್ವನಿ ನಡುಗುತ್ತಿತ್ತು. ನಾನು ಕೊಲೆಗಾರರನ್ನು ಕಂಡಿದ್ದೇನೆ. ಧೈರ್ಯದವರಿಗಿಂತ ಇಂಥ ಪುಕ್ಕಲರೇ ಅಪಾಯ. ಕೈಯಲ್ಲಿ ರಕ್ತ ಕಾಣದಿದ್ದರೆ ಸಾಕು ಅವರಿಗೆ, ರಾತ್ರಿ ನಿದ್ದೆ ಬರುತ್ತದೆ.

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಗೋಡೆಯ ಮೇಲೆ ತಳದ ಗೆರೆಗಳು ಒಂದೊಂದಾಗಿ ಕರಗಿದವು. ಭಾವ ಅಂಗೈಯನ್ನು ಅಡ್ಡ ಹಿಡಿದರು, ಮಗುವಿನ ಕಣ್ಣಿಗೆ ಸೋಪು ಹೋಗದಂತೆ ಹಿಡಿಯುತ್ತಾರಲ್ಲ ಹಾಗೆ. ನೀರು ಬೆರಳ ಸಂದಿಯಿಂದ ಹೋಗಿ ಅಕ್ಷರ ತಿಂದಿತು. 'ಇಪ್ಪತ್ತೆಂಟು ಸುತ್ತು' ಹೋಯಿತು. ಸಹಿ ಹೋಯಿತು.

"ಐದು ವರ್ಷದ್ದು ಕಣೋ," ಎಂದರು.

"ಗೋಡೆ ಬಿಡಿ ಭಾವ. ನನಗೆ ಈಜು ಬರಲ್ಲ."

"ನನಗೂ ಬರಲ್ಲ."

ಇಬ್ಬರೂ ಏಣಿಗೆ ಅಂಟಿಕೊಂಡೆವು. ನೀರು ಏರುತ್ತಿತ್ತು, ನಾವು ಏರುತ್ತಿದ್ದೆವು. ಮುಚ್ಚಳದವರೆಗೆ ಹನ್ನೆರಡು ಮೆಟ್ಟಿಲು. ಹೊರಗೆ ಹೋಗಲು ಎಲ್ಲ ಬಿಟ್ಟು ಒಂದೇ ದಾರಿ, ಎದುರು ಗೋಡೆಯ ನೇರ ಗೇಟ್. ಅದರಾಚೆ ಮೂರಡಿ ಅಗಲದ ಪೈಪ್, ನಲವತ್ತು ಹೆಜ್ಜೆ ಉದ್ದ, ಆಮೇಲೆ ಕೆರೆ. ಗೇಟ್ ಮುಚ್ಚಿತ್ತು. ಅದರ ಚಕ್ರ ಮೇಲೆ, ಅವನ ಕೈಯಲ್ಲಿ.

"ಇಪ್ಪತ್ತೆಂಟು ಸುತ್ತು ಯಾಕೆ ಭಾವ?" ಎಂದೆ. ಮುಚ್ಚಳದ ಮೇಲೆ ಮಳೆ ಬಡಿಯುತ್ತಿತ್ತು, ಕೂಗದ ಮಾತು ಮೇಲಕ್ಕೆ ಕೇಳಿಸುವಂತಿರಲಿಲ್ಲ. ಭಯವಾದಾಗ ನನ್ನ ತಲೆ ಹಳೇ ಕಸುಬಿಗೆ ಓಡುತ್ತದೆ. "ಬೇಕು ಅಂತ ತೆಗೆಯೋನು ಪೂರ್ತಿ ತೆಗೀತಾನೆ. ಪೂರ್ತಿ ಎಷ್ಟು?"

"ನಲವತ್ತು."

"ಅಂದ್ರೆ ನಡುವೆ ಬಿಟ್ಟಿದ್ದಾನೆ. ಕೈ ಸೋತು ಬಿಟ್ಟಿರೋ ಹಾಗಿದೆ. ಮೊದಲ ಮಳೆ ನೀರು ಕೆರೆಗೆ ಬಿಟ್ಟು ಅವನಿಗೇನು ಲಾಭ?"

"ಏನೂ ಇಲ್ಲ. ಅವರಿಗೆ ಕೆರೆ ಕೆಟ್ಟೀತು ಅನ್ನೋ ಭಯ. ಮೋಡ ಆದ್ರೆ ಸಾಕು, ನೇರ ಗೇಟ್ ಟೈಟ್ ಇದೆಯಾ, ಟೈಟ್ ಇದೆಯಾ ಅಂತ ಹತ್ತು ಸಲ ಕೇಳ್ತಾರೆ." ಭಾವ ತಡೆದರು. "ಒಂದು ನಿಮಿಷ. ಅವರಿಗೆ ಉಲ್ಟಾ ಗೊತ್ತಿರಲಿಕ್ಕಿಲ್ಲ."

"ಯಾವ ಉಲ್ಟಾ?"

"ಹೋದ ವರ್ಷ ನೇರ ಗೇಟಿನ ಒಳಗಿನ ತಿರುಪು ಬದಲಾಯಿಸಿದ್ರು. ಬಂದಿದ್ದು ಎಡ ತಿರುಪು. ಚಕ್ರದ ಮೇಲೆ ಹಳದಿ ಬಾಣ, 'ಮುಚ್ಚು' ಅಂತ ಬರೆದಿದೆ. ಈಗ ಬಾಣದ ಕಡೆ ತಿರುಗಿಸಿದ್ರೆ ತೆರೆಯುತ್ತೆ. ಶಿಫ್ಟ್ ಬದಲಾಗುವಾಗ ನಾವು ಒಬ್ಬರಿಗೊಬ್ಬರು 'ಉಲ್ಟಾ' ಅಂತ ನೆನಪು ಮಾಡ್ತೀವಿ. ಬಾಣ ಬದಲಾಯಿಸಿ ಅಂತ ನಾನು ಮೂರು ಸಲ ರಿಜಿಸ್ಟರಲ್ಲಿ ಬರೆದೆ. ಮೂರೂ ಸಲ ಸಹಿ ಹಾಕಿದ್ರು."

"ಓದಿ?"

"ಅವರು ಓದಿ ಸಹಿ ಹಾಕಿದ್ದು ನಾನು ನೋಡಿಲ್ಲ."

ಎಲ್ಲ ಬಿಡಿಸಿದಂತಾಯಿತು. ಮುಚ್ಚಿದ್ದ ಗೇಟನ್ನು ಇನ್ನೂ ಬಿಗಿ ಮಾಡಲು ಹೋಗಿದ್ದಾನೆ. ಚಕ್ರ ತಿರುಗಿದೆ. ತಿರುಗಿತಲ್ಲ, ಹಾಗಾದರೆ ಭಾವ ಸರಿಯಾಗಿ ಮುಚ್ಚಿಲ್ಲ ಎಂದುಕೊಂಡು ಇನ್ನಷ್ಟು ತಿರುಗಿಸಿದ್ದಾನೆ. ಕೈ ಸೋಲುವವರೆಗೆ ಮುಚ್ಚಿದ್ದಾನೆ ಪಾಪ, ಇಪ್ಪತ್ತೆಂಟು ಸುತ್ತು! ಕೆರೆ ಕಪ್ಪಾದಾಗ ಭಾವನೇ ತೆರೆದಿಟ್ಟಿದ್ದೆಂದು ಮನಸಾರೆ ನಂಬಿದ. ತನ್ನ ಕೈ ಚಕ್ರ ಮುಟ್ಟಿದ್ದು ಹೊರಗೆ ಬರಬಾರದೆಂದು ಹಳೆಯ ರಿಜಿಸ್ಟರ್ ಸುಟ್ಟು ಹೊಸದು ಬರೆದ. ಸುಡುವ ಮೊದಲಾದರೂ ಓದಿದ್ದರೆ ಅವನಿಗೆ ಉಲ್ಟಾ ತಿಳಿಯುತ್ತಿತ್ತು. ಸಹಿ ಹಾಕುವಾಗ ಓದದವನು ಸುಡುವಾಗ ಯಾಕೆ ಓದುತ್ತಾನೆ?

"ಭಾವ, ಅವನಿಗೆ ಇನ್ನೂ ಗೊತ್ತಿಲ್ಲ. ಈಗ ಅವನು ನೇರ ಗೇಟನ್ನ ಇನ್ನೊಂದು ಸಲ ಬಿಗಿ ಮಾಡಿದ್ರೆ?"

ಭಾವ ನನ್ನ ಮುಖ ನೋಡಿದರು. ನೀರು ನಮ್ಮ ಎದೆಗೆ ಬಂದಿತ್ತು. ಮುಚ್ಚಳಕ್ಕೆ ಏಳು ಮೆಟ್ಟಿಲು ಉಳಿದಿತ್ತು.

ನಾನು ಗಂಟಲು ಹರಿಯುವಂತೆ ಕೂಗಿದೆ. "ಮ್ಯಾನೇಜರೇ! ನೇರ ಗೇಟ್ ಸೋರ್ತಿದೆ. ಹೊಲಸು ಕೆರೆಗೆ ಹೋಗ್ತಿದೆ, ಕಮಿಟಿಯೋರು ನೋಡ್ತಾರೆ!"

ಕಿಂಡಿಯಿಂದ ನಗು ಬಂತು. "ನಿನ್ನ ಮಾತು ಯಾರು ನಂಬ್ತಾರಯ್ಯ? ಕಳ್ಳನ ಮನೇಲಿ ಚಾಕು ಇಟ್ಟೋನು ನೀನು. ರಿಜಿಸ್ಟರ್ ಹೇಳಲಿ, ನಂಬ್ತೀನಿ."

ನಾನು ಭಾವನ ಕಡೆ ತಿರುಗಿ ಪಿಸುಗುಟ್ಟಿದೆ.

"ಹೇಳಿ ಭಾವ."

"ಸೋರ್ತಿಲ್ವಲ್ಲೋ."

"ಗೊತ್ತು!"

"ಒಂದು ಹನೀನೂ ಇಲ್ಲ. ರಬ್ಬರು ಹೋದ ತಿಂಗಳು ನಾನೇ ಹಾಕಿದ್ದು."

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆ. ಕಪ್ಪು ನೀರಿನಲ್ಲಿ ಏಣಿ ತಬ್ಬಿಕೊಂಡು, ನಲವತ್ತೇಳು ವರ್ಷದ ಗಂಡಸು, ಸಣ್ಣ ಹುಡುಗನಂತೆ ಅತ್ತೆ.

ಭಾವ ಸಂಬಂಧವೇ ಇಲ್ಲದ ಮಾತು ಆಡಿದರು. "ನಿನ್ನ ಕೆಲಸ ಹೋದಾಗ ನಿಮ್ಮಕ್ಕ ನನ್ನ ಜೊತೆ ಆರು ತಿಂಗಳು ಮಾತಾಡಲಿಲ್ಲ. ಗೊತ್ತಾ?"

"ಇಲ್ಲ."

"ಊಟಕ್ಕೆ ಬನ್ನಿ ಅಂತಾನೂ ಕರೀತಿರಲಿಲ್ಲ. ತಟ್ಟೆ ಸದ್ದು ಮಾಡ್ತಿದ್ಲು, ನಾನು ಎದ್ದು ಹೋಗ್ತಿದ್ದೆ."

ಕೈಗಡಿಯಾರ ನೋಡಿಕೊಂಡರು. ಕಣ್ಣು ಮುಚ್ಚಿದರು. ಕಹಿ ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಬಾಯಿ ತೆರೆದರು.

"ಸಾರ್... ನೇರ ಗೇಟ್ ಸೋರ್ತಿದೆ."

ಮೇಲೆ ನಗು ನಿಂತಿತು.

"ನಿಜಾನಾ ರಿಜಿಸ್ಟರ್?"

"ಎಡಗಡೆ ಕೆಳಗೆ, ಎರಡು ಬೆರಳಷ್ಟು. ಜೋರಾಗಿ ಹೋಗ್ತಿದೆ ಸಾರ್."

ನಾನು ಬೆರಗಾದೆ. ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಹೀಗೆಯೇ, ಅಳತೆ ಸಮೇತ ಹೇಳುತ್ತಾರೆ.

ಬೂಟುಗಳು ಓಡಿದವು. ಕಿರ್... ಕಿರ್... ಚಕ್ರ ತಿರುಗತೊಡಗಿತು. ಭಾವ ಎಣಿಸಿದರು. "ಒಂದು... ಎರಡು... ಸುತ್ತಿಗೆ ಅರ್ಧ ಇಂಚು... ಐದು... ಏಣಿ ಗಟ್ಟಿಯಾಗಿ ಹಿಡ್ಕೋ, ನೀರು ಎಳೆಯುತ್ತೆ..."

ಎಳೆಯಿತು. ಎದುರು ಗೋಡೆಯ ಬುಡದಲ್ಲಿ ಏನೋ ಗೊರಗೊರ ಎಂದಿತು. ಕಾಲನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ಬಾಟಲಿ, ಚಪ್ಪಲಿ ಎಲ್ಲ ಗರಗರ ಸುತ್ತಿ ಒಳಗೆ ಹೋದವು. ನೀರು ಎದೆಯಿಂದ ಸೊಂಟಕ್ಕಿಳಿಯಿತು, ಸೊಂಟದಿಂದ ಕೆಳಕ್ಕೆ ಹೋಯಿತು. ನಾವೂ ಒಂದೊಂದೇ ಮೆಟ್ಟಿಲು ಇಳಿದೆವು.

"ಇಪ್ಪತ್ತೊಂದು... ಇಪ್ಪತ್ತೆರಡು."

ಚಕ್ರ ನಿಂತಿತು. ಕೈ ಸೋತಿತ್ತು ಅವನಿಗೆ.

ತಳದಲ್ಲಿ ನೀರು ತೊಡೆಮಟ್ಟ ಇತ್ತು. ಭಾವ ಕಾಲಿನಿಂದ ತಡವಿ ನೋಡಿದರು. "ಹನ್ನೊಂದು ಇಂಚು ತೆರೆದಿದೆ. ನಾನು ನುಸುಳಬಹುದು."

"ಮತ್ತೆ ನಾನು?"

ಅವರು ನನ್ನ ಹೊಟ್ಟೆಯನ್ನು ನೋಡಿದರು. ಮರ್ಯಾದೆಗೆಂದು ಒಂದು ಮಾತು ತಪ್ಪಿಸುವವರಲ್ಲ. "ನಿನಗೆ ಹದಿನೈದು ಬೇಕು."

"ನೀವು ಹೋಗಿ ಭಾವ. ಹೋಗಿ ಯಾರನ್ನಾದ್ರೂ ಕರ್ಕೊಂಡು ಬನ್ನಿ. ನಾನಿರ್ತೀನಿ."

ಅವರು ಹೋಗಿ ಬರುವಷ್ಟರಲ್ಲಿ ಮೇಲಿನವನಿಗೆ ವಿಷಯ ಹೊಳೆದು ಚಕ್ರ ಹಿಂದಕ್ಕೆ ತಿರುಗಿದರೆ, ನನ್ನ ಕತೆ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

ಭಾವ ತಲೆ ಎತ್ತಿದರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಸಾರ್, ಇನ್ನೂ ಸೋರ್ತಿದೆ. ಕಡಿಮೆ ಆಗಿದೆ, ಆದ್ರೆ ನಿಂತಿಲ್ಲ. ಇನ್ನೊಂದು ಹತ್ತು ಸುತ್ತು ಬಿಗಿ ಮಾಡಿ ಸಾರ್."

ಮೊದಲನೆಯ ಸುಳ್ಳು ಇಬ್ಬರಿಗಾಗಿ. ಎರಡನೆಯದು ನನಗೊಬ್ಬನಿಗಾಗಿ. ಚಾಕು ಇಟ್ಟವನ ಪರವಾಗಿ ಒಂಬತ್ತು ವರ್ಷದ ಹಿಂದೆ ಹೇಳದೆ ಉಳಿಸಿಕೊಂಡಿದ್ದನ್ನು ಆ ಮನುಷ್ಯ ಅಲ್ಲಿ ಖರ್ಚು ಮಾಡಿದರು.

ಕಿರ್... ಕಿರ್... ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು. ನಿಲ್ಲುವುದಿರಲಿ, ಸದ್ದು ಇನ್ನೂ ಜೋರಾಯಿತು. ಯಾಕೆಂದು ಆಮೇಲೆ ತಿಳಿಯಿತು.

"ಉಸಿರು ಹಿಡ್ಕೋ. ಕಾಲು ಮುಂದೆ ಮಾಡಿ ಮಲಗು," ಎಂದರು ಭಾವ. ನನ್ನ ಕಾಲರ್ ಹಿಡಿದು ಗೇಟಿನ ಕೆಳಗೆ ತೂರಿಸಿದರು. ಹಲಗೆಯ ಅಂಚು ಹೊಟ್ಟೆಯ ಮೇಲೆ ಎರಡು ಗುಂಡಿ ಕಿತ್ತುಕೊಂಡಿತು. ಆಮೇಲೆ ಕತ್ತಲೆ, ನೀರು, ಪೈಪಿನ ಪಾಚಿ. ಬೆನ್ನು ಜಾರುತ್ತಿತ್ತು, ಮೂಗಿಗೆ, ಬಾಯಿಗೆ ಮಡ್ಡಿ ನುಗ್ಗುತ್ತಿತ್ತು. ನಲವತ್ತು ಹೆಜ್ಜೆ ಎಂದರೆ ಇಷ್ಟು ದೂರವೆಂದು ಜೀವನದಲ್ಲಿ ಎಂದೂ ಅಂದುಕೊಂಡಿರಲಿಲ್ಲ.

ಪೈಪಿನ ತುದಿಯ ತೂಗುಬಾಗಿಲಿಗೆ ಕಾಲು ಬಡಿಯಿತು. ಅದು ತೆರೆಯಿತು. ಬೆಳಕು!

ದಪ್ಪನೆ ಕೆರೆಗೆ ಬಿದ್ದೆ. ಸೊಂಟಮಟ್ಟದ ನೀರು. ಹಿಂದೆಯೇ ಭಾವ ನನ್ನ ಮೇಲೆ ಬಿದ್ದರು. ಸುತ್ತ ಕಪ್ಪು ನೀರು ಹರಡುತ್ತಿತ್ತು.

ತಲೆ ಎತ್ತಿದರೆ ದಡದ ಮೇಲೆ ಐದು ಛತ್ರಿಗಳು. ಕಮಿಟಿ. ಮುಂದೆ ನಿಂತಿದ್ದವರು ಅಧ್ಯಕ್ಷೆ, ಅರವತ್ತು ದಾಟಿದ ನಿವೃತ್ತ ಎಂಜಿನಿಯರ್. ಅವರು ನಮ್ಮನ್ನು ನೋಡಿದರು, ಪೈಪ್ ನೋಡಿದರು, ಕಪ್ಪು ನೀರು ನೋಡಿದರು.

"ಗೇಟ್ ಯಾರು ತೆಗೆದದ್ದು?" ಎಂದರು.

"ನಾನಲ್ಲ ಅಮ್ಮ," ಎಂದರು ಭಾವ. "ನಾನು ಒಳಗಿದ್ದೆ."

ಅಷ್ಟು ಹೇಳಿ ಅವರು ನಿಲ್ಲಲಿಲ್ಲ. ದಡ ಹತ್ತಿ, ಬರಿಗಾಲಲ್ಲಿ, ಐವತ್ತೆಂಟು ವರ್ಷದ ಮನುಷ್ಯ ಪ್ಲಾಂಟಿನ ಕಡೆ ಓಡಿದರು. ನಾವೆಲ್ಲ ಹಿಂದೆ ಓಡಿದೆವು, ಛತ್ರಿಗಳ ಸಮೇತ.

ಮ್ಯಾನೇಜರ್ ಇನ್ನೂ ಚಕ್ರ ತಿರುಗಿಸುತ್ತಲೇ ಇದ್ದ. ಅವನ ಕಣ್ಣು ಕೆರೆಯ ಮೇಲಿತ್ತು. ನೀರು ಕಪ್ಪಾದಷ್ಟೂ ಇನ್ನೂ ಜೋರಾಗಿ ತಿರುಗಿಸುತ್ತಿದ್ದ. ಅಂಗೈ ಕಿತ್ತು ರಕ್ತ ಬಂದಿತ್ತು.

"ಮುಚ್ತಿದ್ದೀನಿ ಮೇಡಂ," ಎಂದ. "ನಾನು ಮುಚ್ತಾನೇ ಇದ್ದೀನಿ..."

"ನೀವು ಮುಚ್ಚಿದಷ್ಟೂ ಕೆರೆ ಕಪ್ಪಾಗ್ತಿದೆಯಲ್ಲ," ಎಂದರು ಆಕೆ.

ಅವನು ಹಳದಿ ಬಾಣವನ್ನು ನೋಡಿದ. ಆಮೇಲೆ ಭಾವನನ್ನು ನೋಡಿದ. ಈ ಲೋಕದಲ್ಲಿ ಅವನು ನಂಬಿದ್ದ ಒಬ್ಬನೇ ಮನುಷ್ಯ ಕಪ್ಪು ಮಡ್ಡಿ ಸುರಿಸಿಕೊಂಡು ಎದುರಿಗೆ ನಿಂತಿದ್ದರು. ಭಾವ ಅವನನ್ನು ಮೊಣಕೈಯಿಂದ ಸರಿಸಿ, ಚಕ್ರವನ್ನು ಬಾಣಕ್ಕೆ ಎದುರಾಗಿ ನಲವತ್ತು ಸುತ್ತು ತಿರುಗಿಸಿದರು. ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದರು. ಆಮೇಲೆ ಒಳಚರಂಡಿ ಗೇಟ್ ತೆಗೆದರು. ಆಮೇಲೆ ಅಲ್ಲೇ ಕುಸಿದು ಕೂತು, "ಎಷ್ಟು ಹೊಲಸು ಹೋಯ್ತೋ ಏನೋ," ಎಂದು ಕೆರೆ ನೋಡುತ್ತ ಅತ್ತರು.

ಸಂಜೆ ಐದಕ್ಕೆ ಸರಿಯಾಗಿ ಜೀಪು ಬಂತು. ಹಿಂದಿನ ಸೀಟಿನಲ್ಲಿ ಕೂತವನು ಮಾತ್ರ ಬೇರೆ.

ಹೇಳಿಕೆ ಬರೆದುಕೊಳ್ಳುವಾಗ ಭಾವ ಅಧ್ಯಕ್ಷೆಯನ್ನು ತಡೆದರು. "ಅಮ್ಮ, ಇದನ್ನೂ ಹಾಕ್ಕೊಳ್ಳಿ. ಎರಡು ನಲವತ್ತೆಂಟಕ್ಕೆ ಒಂದು, ಎರಡು ಐವತ್ತೈದಕ್ಕೆ ಒಂದು, ನಾನು ಸುಳ್ಳು ಹೇಳಿದ್ದೀನಿ." ಆಕೆ ಪೆನ್ನು ಹಿಡಿದುಕೊಂಡು ಅವರ ಮುಖವನ್ನೇ ನೋಡಿದರು. ಕೊನೆಗೆ ಬರೆದುಕೊಂಡರು. ಅವರ ಸಮಾಧಾನಕ್ಕೆ ಓದಿಯೂ ಹೇಳಿದರು.

ಒಂಬತ್ತು ವರ್ಷದ ಮೇಲೆ ಅಕ್ಕನ ಮನೆಯ ಮೆಟ್ಟಿಲು ಹತ್ತಿದೆ. ಅವಳು ಇಬ್ಬರನ್ನೂ ಬಚ್ಚಲಿಗೆ ಅಟ್ಟಿ ಮೂರು ಸಲ ಸೋಪು ಹಾಕಿಸಿದಳು. ನನಗೆ ಭಾವನ ಅಂಗಿ ಕೊಟ್ಟಳು. ಗುಂಡಿ ಹಾಕಲಾಗಲಿಲ್ಲ. ನಾನು ತಲೆ ಒರೆಸಿಕೊಳ್ಳುತ್ತ ಲೆಕ್ಕ ಹಾಕುತ್ತಿದ್ದೆ. ಆ ವಿಚಾರಣೆಯಲ್ಲಿ ಭಾವ ನನಗಾಗಿ ಒಂದು ಸುಳ್ಳು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಆದರೆ ಆಮೇಲೆ ಅವರನ್ನು ಯಾರೂ ಕಣ್ಣು ಮುಚ್ಚಿ ನಂಬುತ್ತಿರಲಿಲ್ಲ. ಈ ಮಧ್ಯಾಹ್ನ ಆ ಚಕ್ರ ತಿರುಗುತ್ತಲೂ ಇರಲಿಲ್ಲ.

"ಹೊರಗೆ ಹೇಗೆ ಬಂದ್ರಿ?" ಎಂದು ಅಕ್ಕ ಕೇಳಿದಳು.

"ನಾನು ಸುಳ್ಳು ಹೇಳಿದೆ," ಎಂದರು ಭಾವ.

ಅಕ್ಕ ನಂಬಲಿಲ್ಲ.